200 ಮೀಟರ್‌ನಲ್ಲಿ ಚದುರುವ ಗುಂಡುಗಳು

ಪ್ರಶ್ನೆ: ನನ್ನ ಪಾಯಿಂಟ್ 22 ರಿಮ್‌ಫೈರ್ (ತೋಟಾದ ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ) ರೈಫಲ್ 50 ಮೀಟರ್‌ನಲ್ಲಿ ಒಂದೇ ತೂತಿಗೆ ಗುಂಡು ಹಾಕುತ್ತದೆ. 200 ಮೀಟರ್‌ನಲ್ಲಿ ಮಾತ್ರ ಗುಂಡುಗಳು ಮೇಲೆ ಕೆಳಗೆ ಚದುರುತ್ತವೆ. ಹೆಚ್ಚು ವೇಗದ ತೋಟಾ ಕೊಳ್ಳಲೇ?

ಉತ್ತರ: ದಯವಿಟ್ಟು ಬೇಡ. ನಾನೂ ಮೊದಲ ವರ್ಷ ಅದನ್ನೇ ಮಾಡಿ ಪೆಟ್ಟಿಗೆಗಟ್ಟಲೆ ತೋಟಾ ಕಳೆದುಕೊಂಡೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದರ ಕೆಳಗಿಳಿಯುವಾಗ ಅಲುಗಾಡುತ್ತದೆ. ಸೆಕೆಂಡಿಗೆ 325 ಮೀಟರ್ ಆಸುಪಾಸಿನ, 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡಿನ ಸ್ಪರ್ಧಾ ತೋಟಾವನ್ನೇ ನೆಚ್ಚಿಕೊಳ್ಳಿ.

ನಿಮ್ಮ ನಿಜವಾದ ತೊಂದರೆ ವೇಗದ ಏರುಪೇರು. 50 ಮೀಟರ್‌ಗೆ ಹೊಂದಿಸಿದ ರೈಫಲ್‌ನ ಗುಂಡು 200 ಮೀಟರ್‌ನಲ್ಲಿ ಒಂದು ಮೀಟರ್‌ಗೂ ಹೆಚ್ಚು ಕೆಳಗೆ ಬೀಳುತ್ತದೆ. ಎರಡು ತೋಟಾಗಳ ನಡುವೆ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೂ ಅಲ್ಲಿ ಹತ್ತು ಸೆಂಟಿಮೀಟರ್‌ಗೂ ಮೀರಿದ ಅಂತರ ಕಾಣುತ್ತದೆ. 50 ಮೀಟರ್‌ನಲ್ಲಿ ಇದು ಕೆಲವೇ ಮಿಲಿಮೀಟರ್, ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ! ರಿಮ್‌ಫೈರ್ ತೋಟಾವನ್ನು ನಾವೇ ತುಂಬಿಕೊಳ್ಳುವಂತಿಲ್ಲ, ಆರಿಸಿಕೊಳ್ಳುವುದೊಂದೇ ದಾರಿ. ನಾನು ಬೇರೆ ಬೇರೆ ಲಾಟ್ (ಕಾರ್ಖಾನೆಯಲ್ಲಿ ಒಮ್ಮೆಗೆ ತಯಾರಾದ ಕಂತು) ಸಂಖ್ಯೆಯ ಒಂದೊಂದು ಪೆಟ್ಟಿಗೆ ತಂದು, ವೇಗಮಾಪಕದ ಮುಂದೆ ಹಾರಿಸಿ, ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಒಪ್ಪಿದ ಲಾಟ್ ಸಿಕ್ಕ ದಿನವೇ ಇಡೀ ಋತುವಿಗೆ ಬೇಕಾದಷ್ಟನ್ನು ಕೊಳ್ಳುತ್ತೇನೆ.

ಗುಂಡುಗಳು ಅಡ್ಡಕ್ಕೆ ಚದುರಿದರೆ ಅದು ಹೆಚ್ಚಾಗಿ ಗಾಳಿಯ ಕೆಲಸ. ಅದಕ್ಕೆ ದಾರಿಯುದ್ದಕ್ಕೂ ಬಟ್ಟೆಯ ಪಟ್ಟಿಗಳನ್ನು ಕಟ್ಟಿ ನೋಡಿ.