ಮತವಿಲ್ಲದವನು ಹತ್ತಿದ ಮೆಟ್ಟಿಲುಗಳು

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದೇನೆ. ನಮ್ಮ ಕ್ಷೇತ್ರದ ಹಾಲಿ ಸಂಸದರ ವಿರುದ್ಧ ಅವರದೇ ಪಕ್ಷದ ಹೊಸಬರೊಬ್ಬರು ಪ್ರೈಮರಿಗೆ ನಿಂತಿದ್ದಾರೆ. ಹಣವಿಲ್ಲ, ತಳಮಟ್ಟದ ಜನಬೆಂಬಲದಿಂದಲೇ ಗೆಲ್ಲುತ್ತೇವೆ ಎನ್ನುತ್ತಾರೆ. ಇದು ನಡೆಯುವ ಮಾತೇ? ಮತವೇ ಇಲ್ಲದ ನನ್ನಂಥವರು ಹೋಗಿ ಕೆಲಸ ಮಾಡಿದರೆ ಏನಾದರೂ ಉಪಯೋಗವಿದೆಯೇ?

ನಡೆಯುತ್ತದೆ. ಒಮ್ಮೆ ನನ್ನ ಕಣ್ಣೆದುರಿಗೇ ನಡೆದಿದೆ. ಆದರೆ ಅದು ಹೇಗೆ ನಡೆಯುತ್ತದೆ ಎಂದು ನಾನು ಅಂದುಕೊಂಡಿದ್ದೇ ಬೇರೆ, ಕಂಡದ್ದೇ ಬೇರೆ.

2018ರಲ್ಲಿ ನಾನು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, ಜಾಕ್ಸನ್ ಹೈಟ್ಸ್ ಎಂಬಲ್ಲಿ ಬಾಡಿಗೆಗಿದ್ದೆ. ನಿಮ್ಮ ಹಾಗೆಯೇ ವೀಸಾದವನು. ರೂಸ್‌ವೆಲ್ಟ್ ಅವೆನ್ಯೂ ಮೇಲೆ 7ನೇ ನಂಬರಿನ ರೈಲು ಗಡಗಡ ಹೋಗುತ್ತದೆ, ಕೆಳಗೆ 74ನೇ ಬೀದಿಯಲ್ಲಿ ಕರಿಬೇವಿನಿಂದ ಹಿಡಿದು ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್‌ವರೆಗೆ ಎಲ್ಲವೂ ಸಿಗುತ್ತದೆ. ಎರಡು ಬೀದಿ ದಾಟಿದರೆ ಬಂಗಾಳಿ, ಇನ್ನೆರಡು ದಾಟಿದರೆ ಟಿಬೆಟನ್, ಮುಂದೆ ಹೋದರೆ ಬರೀ ಸ್ಪ್ಯಾನಿಷ್. ನನಗೆ ರಾಜಕೀಯದ ಗೊಡವೆ ಇರಲಿಲ್ಲ. ಎದುರು ಮನೆಯಲ್ಲಿ ಕೊಲಂಬಿಯಾ ಮೂಲದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಮಾರ್ಚ್ ತಿಂಗಳ ಒಂದು ಶನಿವಾರ ಅವರು ಬಾಗಿಲು ತಟ್ಟಿ, ಮೊಣಕಾಲು ನೋವು, ಚೀಲ ಹಿಡಿದುಕೊಂಡು ಜೊತೆಗೆ ಬರುತ್ತೀರಾ ಎಂದರು. ಹೋದೆ. ಅಷ್ಟೇ ನನ್ನ ರಾಜಕೀಯ ಪ್ರವೇಶ.

ಅದು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಅವರ ಪ್ರಚಾರ. ಆಗ ಆಕೆಗೆ 28 ವರ್ಷ. ಬಾರ್‌ನಲ್ಲಿ ಕೆಲಸ ಮಾಡುತ್ತಲೇ ಪ್ರಚಾರ ಶುರು ಮಾಡಿದ್ದವರು. ಎದುರಿಗಿದ್ದ ಜೋ ಕ್ರೌಲಿ 1999ರಿಂದ ಸಂಸದ, ಕೆಳಮನೆಯಲ್ಲಿ ಡೆಮಾಕ್ರಟಿಕ್ ಪಕ್ಷದ ನಾಲ್ಕನೆಯ ಸ್ಥಾನದ ನಾಯಕ, ಮುಂದೆ ಸ್ಪೀಕರ್ ಆಗಬಹುದು ಎಂದು ಹೆಸರು ಕೇಳಿಬರುತ್ತಿದ್ದವರು. ಜೊತೆಗೆ ಕ್ವೀನ್ಸ್ ಡೆಮಾಕ್ರಟಿಕ್ ಪಕ್ಷದ ಮುಖ್ಯಸ್ಥರೂ ಹೌದು. ನಮ್ಮ ಊರಿನ ಲೆಕ್ಕದಲ್ಲಿ, ಜಿಲ್ಲಾಧ್ಯಕ್ಷರೂ ಅವರೇ, ಸಂಸದರೂ ಅವರೇ. 2004ರ ನಂತರ ಪಕ್ಷದೊಳಗೆ ಯಾರೂ ಅವರ ಎದುರು ನಿಂತಿರಲಿಲ್ಲ.

ನಿಮಗೆ ಗೊತ್ತಿರಬಹುದು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಅಲ್ಲಿ ಕಾಂಗ್ರೆಸ್ ಎಂದರೆ ಸಂಸತ್ತು, ಪಕ್ಷವಲ್ಲ. ಪ್ರೈಮರಿ ಎಂದರೆ ಪಕ್ಷದ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಚುನಾವಣೆ. ನಮ್ಮಲ್ಲಿ ಬಿ ಫಾರಂಗಾಗಿ ದೆಹಲಿಯ ಹೋಟೆಲುಗಳಲ್ಲಿ ದಿನಗಟ್ಟಲೆ ಕಾಯುತ್ತಾರಲ್ಲ, ಅಲ್ಲಿ ಆ ಬಿ ಫಾರಂ ಕೊಡುವುದು ಮತದಾರರು. ಪಕ್ಷದ ಮುಖಂಡರೆಲ್ಲ ಒಂದು ಕಡೆ ನಿಂತರೂ ಒಬ್ಬ ಹೊಸಬಳಿಗೆ ಬಾಗಿಲು ಮುಚ್ಚುವುದು ಕಷ್ಟ. ಮುಚ್ಚುವುದಕ್ಕೆ ಬೇರೆ ಉಪಾಯಗಳಿವೆ ಎಂಬುದು ಆ ಮಾರ್ಚ್‌ನಲ್ಲೇ ತಿಳಿಯಿತು.

ಮೊದಲನೆಯದು ಸಹಿ. ನಮ್ಮಲ್ಲಿ ಲೋಕಸಭೆಗೆ ನಿಲ್ಲುವ ಪಕ್ಷೇತರನಿಗೆ ಹತ್ತು ಸೂಚಕರು ಸಾಕು. ನ್ಯೂಯಾರ್ಕ್‌ನಲ್ಲಿ ಸಂಸತ್ತಿನ ಪ್ರೈಮರಿ ಮತಪತ್ರದಲ್ಲಿ ಹೆಸರು ಬರಬೇಕಾದರೆ 1,250 ಸಹಿ ಬೇಕು. ಅವೂ ಆ ಕ್ಷೇತ್ರದಲ್ಲಿ, ಆ ಪಕ್ಷದಲ್ಲಿ ನೋಂದಾಯಿಸಿಕೊಂಡವರ ಸಹಿಗಳೇ ಆಗಬೇಕು, ಐದೇ ವಾರದಲ್ಲಿ ಆಗಬೇಕು. ಸಹಿ ಹಾಕಿಸಿಕೊಂಡು ಸಾಕ್ಷಿಯಾಗಿ ನಿಲ್ಲುವ ಸಾಮಾನ್ಯ ಕಾರ್ಯಕರ್ತನೂ ಅದೇ ಪಕ್ಷದ ನೋಂದಾಯಿತ ಮತದಾರನಾಗಿರಬೇಕು. ಹಾಗಾಗಿ ಸಹಿಯ ಹಾಳೆ ಸಿಕ್ಕಿಸಿದ ಹಲಗೆಯನ್ನು ನಾನು ಮುಟ್ಟುವಂತಿರಲಿಲ್ಲ. ಕೊಡೆ ಹಿಡಿದು ನಿಂತೆ, ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟೆ, ಪೆನ್ನಿನ ಶಾಯಿ ಚಳಿಗೆ ಕಟ್ಟಿಕೊಂಡಾಗ ಉಜ್ಜಿ ಬಿಸಿ ಮಾಡಿದೆ. ಟೀಚರಮ್ಮ ಒಂದೊಂದು ಸಹಿ ಬಿದ್ದಾಗಲೂ ವಿಳಾಸವನ್ನು ಎರಡೆರಡು ಸಲ ಓದುತ್ತಿದ್ದರು. ಎದುರಾಳಿಯ ವಕೀಲರು ಒಂದೊಂದು ಸಾಲನ್ನೂ ಭೂತಗನ್ನಡಿಯಲ್ಲಿ ನೋಡುತ್ತಾರೆ, ವಿಳಾಸ ತಪ್ಪಿದ್ದರೆ ಆ ಸಹಿ ಹೋಯಿತು ಎಂದು ವಿವರಿಸಿದರು. 1,250 ಬೇಕಾದ ಕಡೆ ಆ ಪ್ರಚಾರ ತಂಡ ಐದು ಸಾವಿರಕ್ಕೂ ಹೆಚ್ಚು ಸಹಿ ತಂದದ್ದು ಅದಕ್ಕೇ. ಸಹಿ ಹಾಕಿದವರೇ ಮುಂದೆ ಮತ ಹಾಕುವವರ ಮೊದಲ ಪಟ್ಟಿಯೂ ಆಗುತ್ತಾರೆ ಎಂಬುದು ನನಗೆ ಹೊಳೆದದ್ದು ತಡವಾಗಿ.

ಎರಡನೆಯದು ಪಟ್ಟಿ. ನ್ಯೂಯಾರ್ಕ್‌ನಲ್ಲಿ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಪ್ರೈಮರಿ ಮತ. ಬೇರೆ ಪಕ್ಷದಲ್ಲಿದ್ದವರೋ ಯಾವ ಪಕ್ಷಕ್ಕೂ ಸೇರದ ಮತದಾರರೋ 2018ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕಬೇಕಾಗಿದ್ದರೆ ಹಿಂದಿನ ವರ್ಷದ ಅಕ್ಟೋಬರ್ 13ರೊಳಗೇ ಅರ್ಜಿ ಕೊಟ್ಟಿರಬೇಕಿತ್ತು. ಎಂಟು ತಿಂಗಳು ಮೊದಲು! ಬೀದಿಯಲ್ಲಿ ನಮ್ಮನ್ನು ತಬ್ಬಿಕೊಂಡು ನಿಮಗೇ ನನ್ನ ವೋಟು ಎಂದ ಎಷ್ಟೋ ಜನರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ಜನರ ಪ್ರೀತಿ ಬೇರೆ, ಬೆಂಬಲ ಬೇರೆ ಎಂದು.

ಆದರೆ ಇದೇ ಬಿಗಿಯಾದ ಪಟ್ಟಿ ಹಣವಿಲ್ಲದ ಅಭ್ಯರ್ಥಿಗೆ ವರವೂ ಆಗುತ್ತದೆ. ಲೆಕ್ಕ ನೋಡಿ. ಆ 14ನೇ ಕ್ಷೇತ್ರ ಕ್ವೀನ್ಸ್ ಮತ್ತು ಬ್ರಾಂಕ್ಸ್ ಎರಡರಲ್ಲೂ ಚಾಚಿಕೊಂಡಿದೆ, ಏಳು ಲಕ್ಷದಷ್ಟು ಜನ. ನೋಂದಾಯಿತ ಡೆಮಾಕ್ರಟರು ಎರಡು ಲಕ್ಷಕ್ಕೂ ಹೆಚ್ಚು. ಜೂನ್ 26ರಂದು ಮತ ಹಾಕಿದವರು ಮೂವತ್ತು ಸಾವಿರಕ್ಕೂ ತುಸು ಕಡಿಮೆ. ನಮ್ಮಲ್ಲಿ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಒಂದೂವರೆ ಲಕ್ಷ ಮತ ಬೀಳುವುದು ಸಾಮಾನ್ಯ. ಅಲ್ಲಿ ಸಂಸತ್ತಿನ ಟಿಕೆಟ್ ಗೆಲ್ಲಲು ಹದಿನೈದು ಸಾವಿರ ಮತ ಸಾಕಾಯಿತು. ಲಕ್ಷಗಟ್ಟಲೆ ಜನರನ್ನು ಟಿವಿ ಜಾಹೀರಾತಿನಿಂದ ಮುಟ್ಟಬೇಕಾದರೆ ಕೋಟಿಗಟ್ಟಲೆ ಹಣ ಬೇಕು. ಹದಿನೈದು ಸಾವಿರ ಜನರ ಬಾಗಿಲನ್ನು ಕಾಲ್ನಡಿಗೆಯಲ್ಲೇ ಮುಟ್ಟಬಹುದು. ಕ್ರೌಲಿಯವರ ಕಡೆ ಮೂವತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು, ಈಕೆಯ ಬಳಿ ಇದ್ದದ್ದು ಅದರ ಹತ್ತನೇ ಒಂದಂಶದ ಆಸುಪಾಸು. ಆದರೂ ಸ್ಪರ್ಧೆ ಸಮಬಲದ್ದಾಯಿತಲ್ಲ, ಅದರ ಗುಟ್ಟು ಇಷ್ಟೇ.

ಬಾಗಿಲು ಎಂದೆನಲ್ಲ, ಮೊದಲು ಆ ಬಾಗಿಲಿನವರೆಗೆ ಹೋಗಬೇಕು. ಅಲ್ಲಿನ ಅಪಾರ್ಟ್‌ಮೆಂಟುಗಳ ಕೆಳಬಾಗಿಲಿಗೇ ಬೀಗ. ಬಜರ್ ಒತ್ತಿದರೆ ಯಾರೂ ತೆರೆಯುವುದಿಲ್ಲ. ಯಾರಾದರೂ ಬಟ್ಟೆ ಒಗೆಯುವ ಚೀಲ ಹೊತ್ತು ಹೊರಬರುವವರೆಗೆ ಕಾದು, ಅವರಿಗೆ ಬಾಗಿಲು ಹಿಡಿದು, ಆ ನೆಪದಲ್ಲಿ ಒಳನುಗ್ಗಬೇಕು. ಬೀದಿಯಲ್ಲಿ ಸಿಕ್ಕವರನ್ನೂ ಬಿಡದೆ ಹಿಡಿಯಲು ಆ ತಂಡದವರು ರೀಚ್ ಎಂಬ ಆ್ಯಪ್ ಮಾಡಿಕೊಂಡಿದ್ದರು. ಬಸ್ ನಿಲ್ದಾಣದಲ್ಲಿ ನಿಂತವರ ಹೆಸರು ಕೇಳಿ ಅಲ್ಲೇ ಮತದಾರರ ಪಟ್ಟಿಯಲ್ಲಿ ಹುಡುಕಿ ಗುರುತು ಹಾಕಿಕೊಳ್ಳಬಹುದಿತ್ತು. ಪಟ್ಟಿ ಹಿಡಿದು ಬಾಗಿಲಿಗೆ ಹೋಗುವುದು ಹಳೆಯ ಕ್ರಮ. ಇವರು ಸಿಕ್ಕವರನ್ನು ಹಿಡಿದುಕೊಂಡು ಪಟ್ಟಿಗೆ ಹೋದರು.

ಇಂಡಿಯಾದವನು ಎಂಬ ಒಂದೇ ಕಾರಣಕ್ಕೆ ನನಗೆ ದಕ್ಷಿಣ ಏಷ್ಯಾದ ಹೆಸರುಗಳಿದ್ದ ಕಟ್ಟಡಗಳನ್ನು ಕೊಡುತ್ತಿದ್ದರು. ಬಾಗಿಲು ತೆರೆದವರು ಸಿಲೆಟ್‌ನವರು, ಕಠ್ಮಂಡುವಿನವರು, ಲಾಹೋರಿನವರು. ನನ್ನ ದಾವಣಗೆರೆ ಹಿಂದಿ ಯಾರಿಗೂ ಪೂರ್ತಿ ಅರ್ಥವಾಗದು, ಆದರೆ ಎಲ್ಲರಿಗೂ ನಗು ಬರಿಸುತ್ತಿತ್ತು. ಅದೂ ಒಂದು ಬಂಡವಾಳವೇ. ಒಂದು ಮನೆಯಲ್ಲಿ ಸೊಲ್ಲಾಪುರದ ಅಜ್ಜಿಯೊಬ್ಬರು ನನ್ನ ಹಿಂದಿ ಕೇಳಿದ ಮೇಲೆ, ‘ಕನ್ನಡದಾಗ ಹೇಳಪಾ, ತಿಳೀತದ’ ಎಂದರು. ನಾನು ಪೌರತ್ವ, ಬಾಡಿಗೆ, ಆರೋಗ್ಯ ವಿಮೆ ಎಂದು ಕಲಿತ ಪಾಠವನ್ನೆಲ್ಲ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ: ‘ಆ ಹುಡುಗಿ ಸೋತರ ಕೆಲಸಕ್ಕ ವಾಪಸ್ ತಗೋತಾರೇನು?’ ನನ್ನ ಬಳಿ ಉತ್ತರವಿರಲಿಲ್ಲ. ಅವರ ಮಗ ಪಟ್ಟಿಯಲ್ಲಿದ್ದ, ಅಜ್ಜಿಗೆ ಮತವಿರಲಿಲ್ಲ. ಮಗನನ್ನು ಕರೆದುಕೊಂಡು ಹೋಗಿ ಹಾಕಿಸುತ್ತೇನೆ ಎಂದರು, ಮಾತು ಉಳಿಸಿಕೊಂಡರು ಕೂಡ.

ಇನ್ನು ಎದುರಾಳಿಯ ಪಾಲು. ಜನಬೆಂಬಲದ ಕಥೆ ಹೇಳುವವರು ಇದನ್ನು ಮರೆಯುತ್ತಾರೆ. ಮತದಾನಕ್ಕೆ ಎಂಟು ದಿನ ಉಳಿದಿದ್ದಾಗ ಬ್ರಾಂಕ್ಸ್‌ನಲ್ಲಿ ನಡೆದ ಚರ್ಚೆಗೆ ಕ್ರೌಲಿ ಬರಲಿಲ್ಲ, ತಮ್ಮ ಬದಲಿಗೆ ಒಬ್ಬ ಮಾಜಿ ನಗರ ಸಭಾ ಸದಸ್ಯೆಯನ್ನು ಕಳಿಸಿದರು. ಬೀಗರ ಮನೆಯ ಮದುವೆಗೆ ಮುಯ್ಯಿಯ ಲಕೋಟೆ ಮಾತ್ರ ಕಳಿಸಿದ ಹಾಗೆ. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯದಲ್ಲೇ ಅದನ್ನು ಟೀಕಿಸಿತು. ಹಾಲಿ ಸಂಸದರು ಎಚ್ಚರವಾಗಿದ್ದರೆ ನಿಮ್ಮ ಕೆಲಸ ಎರಡರಷ್ಟು ಎಂದು ತಿಳಿಯಿರಿ.

ಆ ರಾತ್ರಿ ಸುಮಾರು ನಾಲ್ಕು ಸಾವಿರ ಮತಗಳ ಅಂತರದಲ್ಲಿ ಗೆದ್ದದ್ದು ಒಕಾಸಿಯೊ-ಕೊರ್ಟೆಜ್. ಟೀಚರಮ್ಮ ನಮ್ಮ ಬಾಗಿಲು ಬಡಿದ ರಭಸಕ್ಕೆ ಬೆಂಕಿ ಬಿತ್ತೇನೋ ಎಂದು ನಾನು ಪಾಸ್‌ಪೋರ್ಟ್ ಎತ್ತಿಕೊಂಡು ಓಡಿಬಂದಿದ್ದೆ. ಕ್ರೌಲಿ ಗಿಟಾರ್ ಹಿಡಿದು ಗೆದ್ದವಳಿಗೆ ಒಂದು ಹಾಡು ಅರ್ಪಿಸಿದರು. ಅದು ದೊಡ್ಡತನವೇ.

ನಂತರ ಮತಗಟ್ಟೆವಾರು ಲೆಕ್ಕ ಬಂದಾಗ ನನ್ನ ಹೆಮ್ಮೆ ಸ್ವಲ್ಪ ಇಳಿಯಿತು. ಆಕೆಗೆ ಗಟ್ಟಿಯಾಗಿ ಮತ ಬಿದ್ದದ್ದು ಆಸ್ಟೋರಿಯಾದಂಥ, ಓದಿದ ಯುವಜನ ಹೊಸದಾಗಿ ಬಂದು ನೆಲೆಸುತ್ತಿರುವ ಬಡಾವಣೆಗಳಲ್ಲಿ. ಇಡೀ ಪ್ರಚಾರವೂ ತಾನೇ ಮೊಳೆತದ್ದಲ್ಲ. ಜಸ್ಟಿಸ್ ಡೆಮಾಕ್ರಟ್ಸ್‌ನಂಥ ಸಂಘಟನೆಗಳು ಅಭ್ಯರ್ಥಿಗಳನ್ನು ಹುಡುಕಿ, ತರಬೇತಿ ಕೊಟ್ಟು ನಿಲ್ಲಿಸಿದ್ದವು. ಡಿಎಸ್‌ಎ ಎಂಬ ಸಮಾಜವಾದಿ ಸಂಘಟನೆಯ ಕಾರ್ಯಕರ್ತರು ಮನೆಮನೆಗೆ ಹೋದರು. ಬೀಜ ಹಾಕಿದವರು ಇದ್ದರು, ನೀರು ಹಾಕಿದವರೂ ಇದ್ದರು. ನಾನು ಕೊಡೆ ಹಿಡಿದವನು.

ಸೋತವರ ಪಟ್ಟಿ ಉದ್ದವಿದೆ, ಅದನ್ನೂ ನೋಡಿ. 2016ರಲ್ಲಿ ಫ್ಲೋರಿಡಾದಲ್ಲಿ ಟಿಮ್ ಕನೋವಾ ದೇಶದೆಲ್ಲೆಡೆಯಿಂದ ಸಣ್ಣ ಸಣ್ಣ ದೇಣಿಗೆಯಲ್ಲೇ ಹತ್ತಾರು ಲಕ್ಷ ಡಾಲರ್ ಕೂಡಿಸಿದರು, ಹಾಲಿ ಸಂಸದೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಎದುರು 57-43ರಂತೆ ಸೋತರು. ದೂರದ ಆರೆಗಾನ್ ರಾಜ್ಯದವರು ಕಳಿಸಿದ ಹತ್ತು ಡಾಲರಿಗೆ ಫ್ಲೋರಿಡಾದಲ್ಲಿ ಮತ ಹಾಕುವ ಕೈಯಿಲ್ಲ. ಟೆಕ್ಸಾಸ್‌ನ ಜೆಸಿಕಾ ಸಿಸ್ನೆರೋಸ್ 2022ರಲ್ಲಿ ಹಾಲಿ ಸಂಸದ ಹೆನ್ರಿ ಕ್ವೆಯಾರ್ ಎದುರು ಮರುಎಣಿಕೆಯ ನಂತರ ಸೋತದ್ದು 289 ಮತಗಳಿಂದ. ಇದನ್ನು ಓದಿದಾಗಲೆಲ್ಲ ನಾನು ಕಾಲುನೋವೆಂದು ಬಿಟ್ಟು ಬಂದ ಮಹಡಿಗಳು ನೆನಪಾಗುತ್ತವೆ. ಇದು ಎಡಪಂಥೀಯರದೇ ಸೊತ್ತು ಎಂದುಕೊಳ್ಳಬೇಡಿ, 2014ರಲ್ಲಿ ವರ್ಜೀನಿಯಾದಲ್ಲಿ ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ತಮ್ಮದೇ ರಿಪಬ್ಲಿಕನ್ ಪಕ್ಷದ, ಕೆಳಮನೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅವರನ್ನೇ ಮಣಿಸಿದರು. ಉಲ್ಟಾ ದಾರಿಯೂ ಉಂಟು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಕಡೆಯ ಕ್ಷೇತ್ರದ ಪ್ರೈಮರಿಯನ್ನು ಸ್ವಂತ ಹಣ ಸುರಿದು, ಎದುರಾಳಿಗಳ ನಡುವೆ ಮತ ಹಂಚಿಹೋದಾಗ ಶೇ. 28ರಷ್ಟರಲ್ಲೇ ಗೆದ್ದರು. ದುಡ್ಡಿಗೂ ಇದೇ ಸಣ್ಣ ಲೆಕ್ಕವೇ ಅನುಕೂಲ. 2020ರಲ್ಲಿ ಹೀಗೆಯೇ ಹಳಬರನ್ನು ಸೋಲಿಸಿ ಬಂದ ಜಮಾಲ್ ಬೋಮನ್, 2024ರಲ್ಲಿ ಹೊರಗಿನ ಒಂದೇ ಗುಂಪು 1 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿದ ಪ್ರೈಮರಿಯಲ್ಲಿ ಸೋತರು.

ಹಾಗಾಗಿ ನಿಮ್ಮ ಅಭ್ಯರ್ಥಿಯ ಕಚೇರಿಗೆ ಹೋದಾಗ ಜಾಲತಾಣದಲ್ಲಿ ಎಷ್ಟು ಹಿಂಬಾಲಕರಿದ್ದಾರೆ ಎಂದು ಕೇಳಬೇಡಿ. ಹಿಂದಿನ ಪ್ರೈಮರಿಯಲ್ಲಿ ಎಷ್ಟು ಮತ ಬಿದ್ದಿತ್ತು, ಈಗ ಕೈಯಲ್ಲಿ ಎಷ್ಟು ಹೆಸರುಗಳಿವೆ ಎಂದು ಕೇಳಿ. ಎರಡನೆಯದಕ್ಕೆ ತಡವರಿಸಿದರೆ ಅಲ್ಲಿರುವುದು ಉತ್ಸಾಹ ಮಾತ್ರ.

ನಿಮ್ಮ ವೀಸಾದ ವಿಷಯ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಒಂದು ಡಾಲರನ್ನೂ ದೇಣಿಗೆ ಕೊಡುವಂತಿಲ್ಲ, ಟೀ ಶರ್ಟ್ ಕೊಂಡರೂ ಅದು ದೇಣಿಗೆಯೇ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಬಹುದು, ಆದರೆ ಹಣ ಎಲ್ಲಿ ಖರ್ಚಾಗಬೇಕು ಎಂಬಂಥ ತೀರ್ಮಾನಗಳಲ್ಲಿ ತಲೆಹಾಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೂ ಹಲಗೆ ಮುಂದೆ ಚಾಚಿ ಮತದಾರರಾಗಿ ನೋಂದಾಯಿಸಿಕೊಳ್ಳಿ ಎಂದರೆ ಎಷ್ಟೇ ಮುದ್ದಾಗಿ ಕೇಳಿದರೂ ಸಹಿ ಹಾಕಬೇಡಿ. ಪೌರನಲ್ಲದವನು ಪೌರನೆಂದು ಬರೆದುಕೊಟ್ಟರೆ ದೇಶದಿಂದಲೇ ಹೊರಹಾಕಬಹುದು. ನನಗೂ ಒಂದು ಮೇಜಿನಲ್ಲಿ ಹಾಗೆ ಪೆನ್ನು ಕೈಗಿತ್ತಿದ್ದರು, ಟೀಚರಮ್ಮ ಕಿತ್ತುಕೊಂಡರು.

ಶನಿವಾರ ಹೋಗುವುದಾದರೆ ಹಳೆಯ ಶೂ ಹಾಕಿಕೊಳ್ಳಿ, ನೀರು ಇಟ್ಟುಕೊಳ್ಳಿ. ಆರು ಮಹಡಿಯ ಕಟ್ಟಡ ಸಿಕ್ಕರೆ ಲಿಫ್ಟ್‌ನಲ್ಲಿ ನೇರ ಮೇಲಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ಮಹಡಿ ಇಳಿಯುತ್ತಾ ಬಾಗಿಲು ತಟ್ಟಿ. ನಾನು ಮೊದಲ ಮೂರು ವಾರ ಕೆಳಗಿನಿಂದ ಹತ್ತಿದೆ, ಯಾರೂ ಹೇಳಿರಲಿಲ್ಲ.