ಪಾಠ ಹೇಳುವವರು ಮಾತು ಕೇಳುವವರಾಗುವಾಗ

ಮಾನ್ಯರೇ,

ಪ್ರೌಢಶಾಲೆಯಲ್ಲಿ ಹಲವು ವರ್ಷಗಳಿಂದ ಗಣಿತ ಕಲಿಸುತ್ತಿರುವ ನೀವು, ಲೆಕ್ಕ ಕೇಳುವ ನೆಪದಲ್ಲಿ ಬರುವ ಮಕ್ಕಳು ಮನೆಯ ಜಗಳವನ್ನೂ ಪರೀಕ್ಷೆಯ ಭಯವನ್ನೂ ತೋಡಿಕೊಳ್ಳುತ್ತಾರೆಂದು ಬರೆದಿದ್ದೀರಿ. ಇದರಿಂದಾಗಿ ಆಪ್ತಸಮಾಲೋಚಕಿಯಾಗಬೇಕೆಂಬ ಆಸೆ ನಿಮ್ಮಲ್ಲಿ ಬಲಿತಿದೆ. ಇಷ್ಟು ಅನುಭವವಿರುವಾಗ ತರಬೇತಿ ಏಕೆ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದಾರೆ. ಕಲಿಸುತ್ತಲೇ ಈ ಕೆಲಸ ಮಾಡಬಹುದೇ ಎಂದು ನೀವು ನಮ್ಮನ್ನು ಕೇಳಿದ್ದೀರಿ.

ನೀವು ಹಿಡಿಯಬಯಸುವ ದಾರಿಯನ್ನು ತೆರೆದವರಲ್ಲಿ ಶಿಕ್ಷಕರೇ ಮೊದಲಿಗರು. ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಪ್ರೌಢಶಾಲೆಯೊಂದರ ಮುಖ್ಯಸ್ಥರಾಗಿದ್ದ ಜೆಸ್ಸಿ ಡೇವಿಸ್ 1907ರಲ್ಲಿ ಪ್ರಬಂಧ ರಚನೆಯ ತರಗತಿಯೊಳಗೇ ವೃತ್ತಿ ಮತ್ತು ನಡತೆಯ ಕುರಿತ ಮಾರ್ಗದರ್ಶನವನ್ನು ಸೇರಿಸಿದರು. ಮರುವರ್ಷ ಫ್ರ್ಯಾಂಕ್ ಪಾರ್ಸನ್ಸ್ ಬೋಸ್ಟನ್‌ನಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರ ತೆರೆದರು. ಆಗಿನ ಮುಖ್ಯ ಚಿಂತೆ ಉದ್ಯೋಗದ ಆಯ್ಕೆಯಾಗಿತ್ತು. ಎದುರಿಗಿರುವವರ ಭಾವನೆಯನ್ನು ಆಲಿಸುವುದೇ ಈ ಕೆಲಸದ ಕೇಂದ್ರವೆಂಬ ನಿಲುವು ಬಲಗೊಂಡದ್ದು 1940ರ ದಶಕದಿಂದೀಚೆಗೆ, ಮುಖ್ಯವಾಗಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರಿಂದ. ಸಹಾನುಭೂತಿ, ಷರತ್ತಿಲ್ಲದ ಸ್ವೀಕಾರ, ತೋರಿಕೆಯಿಲ್ಲದ ನಡವಳಿಕೆ ಇವು ಸಮಾಲೋಚಕರಲ್ಲಿ ಇರಲೇಬೇಕೆಂದು ಅವರು 1957ರಲ್ಲಿ ಪ್ರತಿಪಾದಿಸಿದರು.

ಈ ಮೂರೂ ಒಳ್ಳೆಯ ಶಿಕ್ಷಕರಲ್ಲಿ ಇರುತ್ತವೆ ಎನ್ನುವುದು ನಿಮ್ಮ ಸಹೋದ್ಯೋಗಿಗಳ ವಾದವಾಗಿರಬಹುದು. ಆದರೂ ತರಬೇತಿ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಶಿಕ್ಷಕರನ್ನು ಒಳ್ಳೆಯ ಶಿಕ್ಷಕರನ್ನಾಗಿಸಿದ ಅಭ್ಯಾಸವೇ ಇಲ್ಲಿ ಅಡ್ಡ ಬರುತ್ತದೆ. ಪ್ರಶ್ನೆ ಬಂದ ಕೂಡಲೇ ಉತ್ತರ ಕೊಡುವುದು, ತಪ್ಪು ಕಂಡ ಕೂಡಲೇ ತಿದ್ದುವುದು ನಿಮಗೆ ರಕ್ತಗತವಾಗಿದೆ. ವಿದ್ಯಾರ್ಥಿನಿಯೊಬ್ಬಳು "ನಾನು ದಡ್ಡಿ, ಮಿಸ್" ಎಂದರೆ, "ಹಾಗೆಲ್ಲ ಅನ್ನಬಾರದು, ನೀನು ಜಾಣೆ, ಇನ್ನಷ್ಟು ಅಭ್ಯಾಸ ಮಾಡು" ಎನ್ನುವುದು ಸಹಜ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ ಅವಳು ಹೇಳಬೇಕೆಂದುಕೊಂಡದ್ದು ಅಲ್ಲಿಗೇ ನಿಂತುಹೋಗುತ್ತದೆ. "ಹಾಗೆ ಅನ್ನಿಸಲು ಶುರುವಾದದ್ದು ಯಾವಾಗ?" ಎಂದು ಕೇಳಿ, ಅವಳು ಮಾತು ಹುಡುಕುವಷ್ಟು ಹೊತ್ತು ಸುಮ್ಮನಿರುವುದನ್ನು ಕಲಿಯಲು ಹಿರಿಯ ಸಮಾಲೋಚಕರ ಮೇಲ್ವಿಚಾರಣೆಯಲ್ಲಿ ಬಹಳ ಕಾಲ ಅಭ್ಯಾಸ ಮಾಡಬೇಕಾಗುತ್ತದೆ.

ಅನುಭವವೊಂದೇ ಕಲಿಸದ ಸಂಗತಿಗಳು ಇನ್ನೂ ಇವೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂದು ಅನೇಕ ಶಿಕ್ಷಕರು ಹಿಂಜರಿಯುತ್ತಾರೆ. ಸಂಶೋಧನೆಗಳು ಈ ಭಯವನ್ನು ಸಮರ್ಥಿಸುವುದಿಲ್ಲ. ಶಾಂತವಾಗಿ, ಸ್ಪಷ್ಟವಾಗಿ ಕೇಳುವುದೇ ಸರಿ. ಹಾಗೆಯೇ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡುವುದೂ ಸಲ್ಲದು. ಮಗು ತನಗೆ ಅಥವಾ ಇನ್ನೊಬ್ಬರಿಗೆ ಹಾನಿ ಮಾಡಿಕೊಳ್ಳುವ ಇಲ್ಲವೇ ಮಾಡುವ ಅಪಾಯವಿದ್ದಾಗ, ಅದರ ಮೇಲೆ ದೌರ್ಜನ್ಯ ನಡೆಯುತ್ತಿರುವಾಗ, ಗೋಪ್ಯತೆಯನ್ನು ಮೀರಲೇಬೇಕಾಗುತ್ತದೆ. ಆ ಮಿತಿಯನ್ನು ಮಾತು ಆರಂಭವಾಗುವ ಮೊದಲೇ ತಿಳಿಸಬೇಕು.

ಹಾಗೆಂದು ನಿಮ್ಮ ಗಣಿತವನ್ನು ಹೊಸ ಕೆಲಸದ ಹೊಸ್ತಿಲಲ್ಲಿ ಬಿಟ್ಟು ಹೋಗಬೇಡಿ. ಆತಂಕಗೊಂಡ ಮನಸ್ಸಿನಲ್ಲಿ ಚಿಂತೆಯೇ ಜಾಗ ಹಿಡಿದು, ಲೆಕ್ಕದ ಹೆಜ್ಜೆಗಳನ್ನು ನೆನಪಿನಲ್ಲಿಟ್ಟುಕೊಳ್ಳಲು ಆಸ್ಪದ ಉಳಿಯುವುದಿಲ್ಲ. ಮನೆಯಲ್ಲಿ ಸರಿಯಾಗಿ ಮಾಡಿದ ಲೆಕ್ಕವೇ ಪರೀಕ್ಷೆಯ ಕೊಠಡಿಯಲ್ಲಿ ಕೈಕೊಡುವುದು ಬಹುಮಟ್ಟಿಗೆ ಇದರಿಂದ. ಆದರೆ ಇದರ ವಿರುದ್ಧ ದಿಕ್ಕಿನ ಕಾರಣವೂ ಅಷ್ಟೇ ನಿಜ. ಭಿನ್ನರಾಶಿ ಅರ್ಥವಾಗದೆಯೇ ಬೀಜಗಣಿತಕ್ಕೆ ಬಂದ ಹುಡುಗನಿಗೆ ಪ್ರತಿದಿನವೂ ಸೋಲಿನ ದಿನವಾಗಿ, ಆ ಸೋಲುಗಳೇ ಭಯವಾಗಿ ಬೆಳೆದಿರುತ್ತವೆ. ಅವನಿಗೆ ಉಸಿರಾಟದ ಅಭ್ಯಾಸವನ್ನೂ ಧೈರ್ಯದ ಮಾತುಗಳನ್ನೂ ಕೊಟ್ಟು, ಭಿನ್ನರಾಶಿಯನ್ನು ಮಾತ್ರ ಹಾಗೆಯೇ ಬಿಟ್ಟರೆ ಭಯ ಮರಳಿ ಬರುತ್ತದೆ. ಭಯದಿಂದ ಕಲಿಕೆ ಕೆಟ್ಟಿದೆಯೋ, ಕಲಿಕೆಯ ಕೊರತೆಯಿಂದ ಭಯ ಹುಟ್ಟಿದೆಯೋ ಎಂಬುದನ್ನು ಅವನ ಉತ್ತರಪತ್ರಿಕೆ ನೋಡಿಯೇ ಊಹಿಸಬಲ್ಲ ಸಮಾಲೋಚಕರು ಸಿಗುವುದು ಅಪರೂಪ. ನೀವು ಅಂಥವರಾಗಬಲ್ಲಿರಿ; ನಿಮ್ಮ ಪತ್ರ ಓದಿ ನನಗೆ ಸಂತೋಷವಾದದ್ದು ಈ ಕಾರಣಕ್ಕೆ.

ಇನ್ನು ಎರಡೂ ಕೆಲಸಗಳನ್ನು ಒಟ್ಟಿಗೆ ನಡೆಸುವ ಪ್ರಶ್ನೆ. ಒಂದೇ ಮಗುವಿಗೆ ಅಂಕ ಕೊಡುವವರೂ ಅದರ ಗುಟ್ಟು ಕೇಳುವವರೂ ಒಬ್ಬರೇ ಆಗಬಾರದು. ಉತ್ತರಪತ್ರಿಕೆ ತಿದ್ದುವ ಕೈಯನ್ನು ನೆನೆದು ಮಗು ಮಾತನ್ನು ಅಳೆದು ಆಡುತ್ತದೆ. ಕೇಳಿದ ದುಃಖವನ್ನು ನೆನೆದು ನೀವು ಅಂಕವನ್ನು ಅಳೆಯುತ್ತೀರಿ. ಮೇಲಾಗಿ ಇದು ಬಿಡುವಿನ ವೇಳೆಯಲ್ಲಿ ಮುಗಿಯುವ ಕೆಲಸವಲ್ಲ: ಅಮೆರಿಕದ ಶಾಲಾ ಸಮಾಲೋಚಕರ ಸಂಘವು 250 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ಸಮಾಲೋಚಕರಿರಬೇಕೆಂದು ಶಿಫಾರಸು ಮಾಡುತ್ತದೆ. ಪಾಠವನ್ನು ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ, ನೀವು ಕಲಿಸದ ತರಗತಿಗಳ ಮಕ್ಕಳಿಗಷ್ಟೇ ಸಮಾಲೋಚಕಿಯಾಗುವ ಏರ್ಪಾಡನ್ನು ಆಡಳಿತದೊಂದಿಗೆ ಮೊದಲೇ ಮಾತನಾಡಿಕೊಳ್ಳಿ.

ತರಬೇತಿ ಮುಗಿಯುವವರೆಗೂ ಮಕ್ಕಳು ನಿಮ್ಮ ಬಳಿ ಬರುತ್ತಲೇ ಇರುತ್ತಾರೆ. ಅವರನ್ನು ವಾಪಸು ಕಳಿಸಬೇಡಿ. ಕೇಳಿಸಿಕೊಳ್ಳಿ, ನಿಮ್ಮ ಮಿತಿಯನ್ನು ಮುಚ್ಚಿಡದೆ ಹೇಳಿ; ಹೆಚ್ಚಿನ ನೆರವು ಬೇಕೆನಿಸಿದಾಗ ಬರೀ ವಿಳಾಸ ಕೊಟ್ಟು ಸುಮ್ಮನಾಗದೆ, ಮಗುವಿನ ಒಪ್ಪಿಗೆ ಪಡೆದು ಅರ್ಹ ಸಮಾಲೋಚಕರಿಗೆ ನೀವೇ ಪರಿಚಯ ಮಾಡಿಕೊಡಿ, ಮುಂದಿನ ವಾರ ಆ ಭೇಟಿ ನಡೆಯಿತೇ ಎಂದು ವಿಚಾರಿಸಿ.

ಸಂಪಾದಕರು