ಬಾನೆಟ್ ಆಮೇಲೆ, ಮೊದಲು ಗಾಡಿ ಅಡಿಗೆ ಮಲಗಿ

ಹೋದ ಸಂಚಿಕೆಯಲ್ಲಿ ಹಳೇ ಜೀಪಿನ ಬ್ರೇಕ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಹಳೇ ಫೋರ್ ವೀಲ್ ಪಿಕಪ್ ಒಂದು ಸಿಕ್ಕಿದೆ, ತಗೊಳ್ಳೋದಾ, ಬಿಡೋದಾ? (ಫೋರ್ ವೀಲ್ ಅಂದ್ರೆ ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ, ಟೂ ವೀಲ್‌ನಲ್ಲಿ ಹಿಂದಿನ ಎರಡಕ್ಕೆ ಮಾತ್ರ.) ನಾನು ಸಕಲೇಶಪುರದಲ್ಲಿ 26 ವರ್ಷ ಗ್ಯಾರೇಜ್ ಇಟ್ಟಿದ್ದವನು. ಈಗ ಸ್ಪ್ಯಾನರ್ ಮಗನ ಕೈಲಿದೆ, ನನ್ನ ಕೈಲಿ ಪೆನ್ನು. ಬೆನ್ನು ನೋವಿದ್ದರೂ ಗಾಡಿ ಅಡಿಗೆ ಮಲಗುವ ಚಟ ಮಾತ್ರ ಬಿಟ್ಟಿಲ್ಲ.

ಪ್ರಶ್ನೆ: ಹೆತ್ತೂರು ಕಡೆ ನಮಗೆ ನಾಲ್ಕು ಎಕರೆ ಕಾಫಿ ಇದೆ. ಟಾರ್ ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ಕೊನೆಗೆ ಒಂದು ಏರು. 2012ರ ಬೊಲೆರೊ ಕ್ಯಾಂಪರ್, ಫೋರ್ ವೀಲ್‌ದು, 3.75 ಲಕ್ಷಕ್ಕೆ ಬಂದಿದೆ. ಮೈಗೆ ಹೊಸ ಬಣ್ಣ, ಅಡಿಗೂ ಕಪ್ಪು ಬಳಿದು ಫಳಫಳ ಮಾಡಿದ್ದಾರೆ. ಅಪ್ಪ ಮಾತ್ರ ‘ಟೂ ವೀಲೇ ತಗೋ, ಮಳೆಗಾಲಕ್ಕೆ ಚೈನ್ ಕಟ್ಟಿದ್ರಾಯ್ತು’ ಅಂತಾರೆ. ಏನು ಮಾಡಲಿ?
— ಕಾಫಿ ಬೆಳೆಗಾರ, ಸಕಲೇಶಪುರ ತಾಲೂಕು

ಅಪ್ಪ ಹೇಳಿದ್ದು ತಪ್ಪಲ್ಲ. ನಮ್ಮ ಕಡೆ ಎಷ್ಟೋ ತೋಟಗಳು ಚೈನ್ ಕಟ್ಟಿದ ಟೂ ವೀಲ್ ಗಾಡಿಯಲ್ಲೇ ಮಳೆಗಾಲ ಕಳೆದಿವೆ. ಮೊದಲು ನೀವೇ ಒಂದು ಲೆಕ್ಕ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ದಿನ ಗಾಡಿ ಕೆಳಗೇ ನಿಲ್ಲಿಸಿ, ಗೊಬ್ಬರದ ಚೀಲ ತಲೆ ಮೇಲೆ ಹೊತ್ತಿದ್ದೀರಿ? ಹತ್ತು ದಿನ ಆದರೆ ಚೈನ್ ಸಾಕು. ಚೈನ್ ಕಟ್ಟೋದು ಬಿಚ್ಚೋದೇ ನಿತ್ಯದ ಕೆಲಸ ಆಗಿದ್ದರೆ ಫೋರ್ ವೀಲ್ ನೋಡಿ. ಪಿಕಪ್ಪಿಗೆ ಇನ್ನೊಂದು ಕಷ್ಟ ಇದೆ. ಲೋಡ್ ಇಲ್ಲದಿದ್ದರೆ ಹಿಂಭಾಗ ಹಗುರ. ಟೂ ವೀಲ್ ಗಾಡಿಯಲ್ಲಿ ತಳ್ಳೋದು ಹಿಂದಿನ ಚಕ್ರಗಳೇ, ಭಾರ ಇಲ್ಲದ್ದಕ್ಕೆ ಅವು ಕೆಸರಲ್ಲಿ ಸುಮ್ನೆ ಸುತ್ತುತ್ತವೆ. ಲೋಡ್ ಹಾಕಿಕೊಂಡು ಹತ್ತಿದ ಏರನ್ನೇ ಖಾಲಿ ಗಾಡಿ ಹತ್ತಲ್ಲ ಅಂತ ಎಷ್ಟೋ ಜನ ಬಂದು ಹೇಳೋದು ಇದಕ್ಕೇ.

ಇನ್ನು ಆ ಫಳಫಳ ಬಣ್ಣ. ಮೈಮೇಲಿನ ಬಣ್ಣಕ್ಕೆ ನನ್ನ ತಕರಾರಿಲ್ಲ. ಆದರೆ ಮಾರುವ ಹಿಂದಿನ ವಾರ ಚಾಸಿಗೆ, ಅಂದರೆ ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟಿಗೆ, ಕಪ್ಪು ಬಳಿದಿದ್ದಾರೆ ಅಂದ್ರೆ ನನಗೆ ಭಯ. ಗಾಡಿ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗಿ. ಕೈಲಿ ಸಣ್ಣ ಸುತ್ತಿಗೆ, ಟಾರ್ಚ್ ಇರಲಿ. ಹಿಂದಿನ ಕಮಾನ್ ಪ್ಲೇಟ್ ಚಾಸಿಗೆ ಕೂರುವ ಜಾಗ ಇದೆಯಲ್ಲ, ಅಲ್ಲಿಂದ ಶುರು ಮಾಡಿ ಉದ್ದಕ್ಕೂ ಬಡಿಯುತ್ತಾ ಬನ್ನಿ. ಗಟ್ಟಿ ಕಬ್ಬಿಣ ‘ಟಣ್’ ಅನ್ನುತ್ತದೆ. ತುಕ್ಕು ತಿಂದದ್ದು ‘ಡಬ್’ ಅನ್ನುತ್ತದೆ, ಬಣ್ಣದ ಜೊತೆ ಸಿಪ್ಪೆಯೂ ಉದುರುತ್ತದೆ. ತೋಟದ ಗಾಡಿಗಳಿಗೆ ಈ ರೋಗ ಜಾಸ್ತಿ. ಯೂರಿಯಾ, ಪೊಟ್ಯಾಷ್ ಚೀಲ ಹೊತ್ತು, ಚೆಲ್ಲಿದ್ದನ್ನು ತೊಳೆಯದೆ ಬಿಡ್ತಾರೆ. ಮಳೆ ನೀರಿನ ಜೊತೆ ಅದು ಬಾಡಿಯ ಸಂದಿಯಿಂದ ಚಾಸಿ ಮೇಲೆ ಇಳಿದು ಕೂರುತ್ತದೆ. ಬಾಡಿ ತಗಡು ತೂತಾದರೆ ಹೊಸದು ಹಾಕಬಹುದು. ಚಾಸಿ ಹೋದರೆ ಆ ಗಾಡಿ ಮುಟ್ಟಬೇಡಿ, ಇಂಜಿನ್ ಎಷ್ಟೇ ಚೆನ್ನಾಗಿರಲಿ.

ಹಾಗೇ ಮಲಗಿದ್ದಾಗ ಇನ್ನೊಂದು ನೋಡಿ. ಇಂಜಿನ್ ಶಕ್ತಿಯನ್ನು ಮುಂದಿನ ಚಕ್ರಗಳ ಕಡೆ ಒಯ್ಯುವ ಉದ್ದ ಕೊಳವೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಅಲ್ಲಿದೆಯಾ? ನಗಬೇಡಿ. ಬಾಳುಪೇಟೆ ಕಡೆಯವರೊಬ್ಬರು ಗಾಡಿ ತಂದು, ‘ಫೋರ್ ವೀಲ್ ಹಾಕಿದ್ರೂ ಅಂಥ ವ್ಯತ್ಯಾಸ ಏನೂ ಗೊತ್ತಾಗಲ್ಲ ಅಣ್ಣಾ’ ಅಂದರು. ಲಿವರ್ ಕಟಕ್ ಅಂತ ಬೀಳುತ್ತಿತ್ತು. ಡ್ಯಾಶ್‌ಬೋರ್ಡಲ್ಲಿ ಲೈಟೂ ಹತ್ತುತ್ತಿತ್ತು. ಅಡಿಗೆ ಹೋಗಿ ನೋಡಿದರೆ ಮುಂದಕ್ಕೆ ಹೋಗಬೇಕಾದ ಶಾಫ್ಟೇ ಇಲ್ಲ! ಹಿಂದಿನ ಮಾಲೀಕರು ಶಬ್ದ ಬರುತ್ತೆ, ಮೈಲೇಜ್ ಕೊಡಲ್ಲ ಅಂತ ಬಿಚ್ಚಿಸಿ ಇಟ್ಟಿದ್ದರಂತೆ. ಇವರು ಎರಡು ಮಳೆಗಾಲ ಬರೀ ಲಿವರ್ ಎಳೆದುಕೊಂಡು ಓಡಾಡಿದ್ದಾರೆ. ಆ ಶಾಫ್ಟ್ ಕೊನೆಗೆ ಸಿಕ್ಕಿದ್ದು ಹಳೇ ಮಾಲೀಕರ ಕೊಟ್ಟಿಗೆಯಲ್ಲಿ, ಬಾಗಿಲಿಗೆ ಒತ್ತು ಕೊಟ್ಟು ನಿಲ್ಲಿಸಿದ್ದರು.

ಶಾಫ್ಟ್ ಇದ್ದ ಮಾತ್ರಕ್ಕೆ ಕೆಲಸ ಮಾಡುತ್ತೆ ಅಂತಲೂ ಅಲ್ಲ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆಯಿರಿ. ಮುಂದಿನ ಒಂದು ಚಕ್ರ ಮಾತ್ರ ಜ್ಯಾಕ್ ಮೇಲೆ ಎತ್ತಿ. ಟೂ ವೀಲ್‌ನಲ್ಲಿದ್ದಾಗ ಆ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಫೋರ್ ವೀಲ್ ಹಾಕಿದ ಮೇಲೆ ಗಕ್ಕನೆ ಹಿಡಿದು ನಿಲ್ಲಬೇಕು. ಹಾಕಿದ ಮೇಲೂ ತಿರುಗುತ್ತಿದ್ದರೆ ಒಳಗೆಲ್ಲೋ ಕೊಂಡಿ ಕಳಚಿದೆ ಅಂತ ಅರ್ಥ. ಎರಡೂ ಕಡೆ ನೋಡಿ. ಚಕ್ರದ ನಡುವೆ ತಿರುಗಿಸುವ ಹಬ್ ಲಾಕ್ ಇದ್ದರೆ ಅದನ್ನು ಲಾಕ್‌ಗೆ ಇಡೋದು ಮರೆಯಬೇಡಿ. ಕೆಲವು ಮಾದರಿಯಲ್ಲಿ ಇಂಜಿನ್ ಓಡುತ್ತಿದ್ದರೆ ಮಾತ್ರ ಮುಂದಿನ ಆಕ್ಸಲ್ ಕೂಡಿಕೊಳ್ಳುತ್ತದೆ. ಅಂಥದ್ದಕ್ಕೆ ಈ ಜ್ಯಾಕ್ ಆಟ ಬೇಡ, ಕೆಸರಿಗೆ ಇಳಿಸಿಯೇ ನೋಡಿ.

ಇಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಅದು ಎಲ್ಲಾ ಮೆಕ್ಯಾನಿಕ್‌ಗಳಿಗೂ ಗೊತ್ತು. ಬೆಳಿಗ್ಗೆ ಹೇಳದೆ ಹೋಗಿ. ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಿರುವಾಗ ಎಷ್ಟು ಸೆಲ್ಫ್ ಹೊಡೆದರೆ ಹಿಡಿಯುತ್ತೆ ಅನ್ನೋದೇ ಮುಖ್ಯ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಬೀಡಿ ಸೇದಿದ ಹಾಗೆ ಪುಸುಪುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಕೆಲಸ ಹತ್ತಿರ ಇದೆ. ಸೈಲೆನ್ಸರಿನ ನೀಲಿ ಹೊಗೆ ಅಂದ್ರೆ ಆಯಿಲ್ ಸುಡುತ್ತಿದೆ. ಎಳೆಯುವಾಗ ದಟ್ಟ ಕಪ್ಪು ಬಂದರೆ ಪಂಪು, ನಾಝಲ್, ಏರ್ ಫಿಲ್ಟರ್ ನೋಡಿಸಬೇಕು. ಇದೆಲ್ಲ ದುಡ್ಡು ಕೊಟ್ಟರೆ ಸರಿಯಾಗುತ್ತದೆ, ಅಷ್ಟನ್ನು ಬೆಲೆಯಲ್ಲಿ ಇಳಿಸಿ.

ಗಾಡಿ ಯಾವ ಕೆಲಸ ಮಾಡಿಕೊಂಡಿತ್ತು ಅಂತಲೂ ಕೇಳಿ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆ ಪ್ರವಾಸಿಗರನ್ನು ಹೊತ್ತು ದಿನಾ ಹತ್ತಿ ಇಳಿದದ್ದಾದರೆ ಮೀಟರಿನ ಕಿಲೋಮೀಟರ್ ನಂಬಬೇಡಿ. ಅಲ್ಲಿನ ಒಂದು ಕಿಲೋಮೀಟರ್ ಟಾರ್ ರಸ್ತೆಯ ಹತ್ತಕ್ಕೆ ಸಮ.

ಪ್ರಶ್ನೆ: ಆರ್‌ಸಿ ಇನ್ನೂ ತೀರಿಕೊಂಡವರ ಹೆಸರಲ್ಲೇ ಇದೆ, ಮಾರುತ್ತಿರುವುದು ಅವರ ಎರಡನೇ ಮಗ. ಇಂಜಿನ್ ಬದಲಾಗಿದೆಯಂತೆ, ‘ಅದೇನೂ ತೊಂದರೆ ಇಲ್ಲ’ ಅಂತಾರೆ. ಬೆಲೆ ತುಂಬಾ ಕಮ್ಮಿ.
— ಕೊಪ್ಪದ ಓದುಗರು

ಬೆಲೆ ಕಮ್ಮಿ ಯಾಕೆ ಅಂತ ನೀವೇ ಬರೆದಿದ್ದೀರಲ್ಲ!

ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಫಾರಂ 31 ಇದೆ, ಮರಣ ಪತ್ರ ಬೇಕು. ಉಳಿದ ಮಕ್ಕಳ ಒಪ್ಪಿಗೆಯೂ ಇರಲಿ, ಇಲ್ಲಾಂದ್ರೆ ನಾಳೆ ಅಣ್ಣನೋ ತಂಗಿಯೋ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ. ಆಮೇಲೆ ಫಾರಂ 29, 30 ಹಾಕಿ ನಿಮ್ಮ ಹೆಸರಿಗೆ. ಸಾಲದಲ್ಲಿ ತಗೊಂಡ ಗಾಡಿಯಾದರೆ ಫಾರಂ 35, ಜೊತೆಗೆ ಸಾಲ ಕೊಟ್ಟವರ ಎನ್‌ಒಸಿ. ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಓ ಎನ್‌ಒಸಿ ಬೇಕು, ತೆರಿಗೆ ಇಲ್ಲಿ ಮತ್ತೆ ಕಟ್ಟಬೇಕು. ದೆಹಲಿ ಕಡೆ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ತಡೆ ಬಂದ ಮೇಲೆ ಅಲ್ಲಿಯವು ಅಗ್ಗಕ್ಕೆ ಬರ್ತಿವೆ. ತೆರಿಗೆ, ಓಡಾಟ ಎಲ್ಲ ಸೇರಿಸಿ ನೋಡಿದರೆ ಅಗ್ಗ ಅಲ್ಲವೇ ಅಲ್ಲ.

ಇಂಜಿನ್ ಬದಲಾಯಿಸಲು ಆರ್‌ಟಿಓ ಒಪ್ಪಿಗೆ ಬೇಕು, ಹೊಸ ನಂಬರ್ ಆರ್‌ಸಿಯಲ್ಲಿ ಬರಬೇಕು. ಇಂಜಿನ್ ಬ್ಲಾಕ್ ಮೇಲಿನ ನಂಬರ್ ಬಟ್ಟೆಯಲ್ಲಿ ಒರೆಸಿ ನೀವೇ ಓದಿ. ಆರ್‌ಸಿ ಜೊತೆ ತಾಳೆ ಆಗದಿದ್ದರೆ ಎದ್ದು ಬನ್ನಿ, ಅವರು ಕೊಡುವ ಕಾಫಿಗೂ ಕಾಯಬೇಡಿ. ಹಳದಿ ಬೋರ್ಡ್ ಗಾಡಿಯಾದರೆ 8 ವರ್ಷ ದಾಟಿದ ಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ವರ್ಷ ವರ್ಷ ಮಾಡಿಸಬೇಕು, ಬಿಳಿ ಬೋರ್ಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ.

ಇದೇ ಹೊತ್ತಿಗೆ ಸಾಗರದಿಂದ ಇನ್ನೊಬ್ಬರು, ಇಲಾಖೆಯ ಹಳೇ ಜೀಪ್ ಹರಾಜಿಗೆ ಬರುತ್ತಾ ಅಂತ ಕೇಳಿದ್ದಾರೆ. ಮೊದಲು ನಾವೆಲ್ಲ ಅದಕ್ಕೇ ಕಾಯುತ್ತಿದ್ದೆವು. ಈಗ ಹಾಗಿಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ಆರ್‌ಸಿ ನವೀಕರಣ ನಿಂತಿದೆ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು.

ಪ್ರಶ್ನೆ: ಹಳೇ ಫೋರ್ ವೀಲ್ ಪಿಕಪ್ ತಗೊಂಡಾಯ್ತು. ಕೈಲಿ ಒಂದು ಲಕ್ಷ ಉಳಿದಿದೆ. ಪೇಂಟ್, ಸೀಟು, ಇಂಜಿನ್… ಯಾವುದರಿಂದ ಶುರು ಮಾಡಲಿ?
— ಮೂಡಿಗೆರೆಯ ಓದುಗರು

ನಿಲ್ಲಿಸೋದರಿಂದ ಶುರು ಮಾಡಿ. ಬ್ರೇಕ್ ಪೈಪು, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ಶೂ. ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆಸಿ. ಆಮೇಲೆ ಸ್ಟೇರಿಂಗ್. ಮುಂದಿನ ಚಕ್ರ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಕ್ ಅಂದರೆ ವೀಲ್ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಮೂರನೆಯದು ಟೈರ್. ಪಿಕಪ್ಪಿನವರು ಲೋಡಿಗೆ ಅಂತ ಹಿಂದೆ ದೊಡ್ಡ ಸೈಜ್ ಹಾಕಿಸಿರ್ತಾರೆ. ಫೋರ್ ವೀಲ್ ಗಾಡಿಗೆ ಅದು ವಿಷ. ಮುಂದೆ ಹಿಂದೆ ಬೇರೆ ಬೇರೆ ಸೈಜ್ ಇದ್ದರೆ ಎರಡೂ ಆಕ್ಸಲ್ ಬೇರೆ ಬೇರೆ ವೇಗ ಕೇಳುತ್ತವೆ, ನಡುವೆ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ನಲುಗುತ್ತದೆ. ನಾಲ್ಕೂ ಒಂದೇ ಸೈಜ್, ಸವೆತವೂ ಹೆಚ್ಚುಕಮ್ಮಿ ಒಂದೇ ಇರಲಿ.

ಆಮೇಲೆ ಎಣ್ಣೆಗಳು. ಇಂಜಿನ್ ಆಯಿಲ್ ಎಲ್ಲರೂ ಬದಲಾಯಿಸುತ್ತಾರೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಗೇರ್ ಹಲ್ಲುಗಳಿರುವ ಕಬ್ಬಿಣದ ಪೆಟ್ಟಿಗೆ), ಈ ನಾಲ್ಕನ್ನು ಯಾರೂ ಕೇಳಲ್ಲ. ಇದನ್ನು ನನ್ನ ಸ್ವಂತ ಗಾಡಿಯಲ್ಲೇ ಕಲಿತೆ. ಒಂದು ಆಗಸ್ಟ್, ಹಾನುಬಾಳು ಕಡೆಯಿಂದ ಲೋಡ್ ಏರಿಸಿಕೊಂಡು ಬಂದು ಸೀದಾ ಹಳ್ಳಕ್ಕೆ ಇಳಿಸಿದೆ. ನೀರು ಹೌಸಿಂಗ್ ಮುಳುಗುವಷ್ಟಿತ್ತು, ನಡುವೆ ಐದು ನಿಮಿಷ ನಿಂತೂ ನಿಂತೆ. ಎರಡು ತಿಂಗಳಾದ ಮೇಲೆ ಹಿಂದಿನಿಂದ ಗುಂಯ್ ಅಂತ ಶಬ್ದ. ಡ್ರೈನ್ ಬೋಲ್ಟ್ ಬಿಚ್ಚಿದೆ. ಕಪ್ಪು ಎಣ್ಣೆ ಬರಬೇಕಿತ್ತು. ಬಂದದ್ದು ಹಾಲು ಜಾಸ್ತಿ ಹಾಕಿದ ಕಾಫಿ! ಬೆರಳಿಗೆ ತಗೊಂಡು ಉಜ್ಜಿದರೆ ನೊರೆ, ನಡುವೆ ಕಬ್ಬಿಣದ ಪುಡಿ ಮಿಣಮಿಣ. ಕ್ರೌನ್ ಅನ್ನುವ ದೊಡ್ಡ ಗೇರಿನ ಹಲ್ಲುಗಳ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು.

ಆಗಿದ್ದಿಷ್ಟು. ಏರು ಹತ್ತಿ ಬಂದ ಹೌಸಿಂಗ್ ಕಾದಿರುತ್ತದೆ. ತಣ್ಣನೆ ನೀರಿಗೆ ಬಿದ್ದ ತಕ್ಷಣ ಒಳಗಿನ ಗಾಳಿ ಕುಗ್ಗಿ, ಹೊರಗಿನಿಂದ ಗಾಳಿ ಎಳೆಯುತ್ತದೆ. ಅದಕ್ಕೆಂದೇ ಹೌಸಿಂಗ್ ತಲೆ ಮೇಲೆ ಒಂದು ಸಣ್ಣ ಬ್ರೀದರ್ ಇದೆ. ಅದು ಕೆಸರು ಕಟ್ಟಿ ಮುಚ್ಚಿದ್ದರೆ ಆಯಿಲ್ ಸೀಲಿನ ಪಕ್ಕದಿಂದ ನೀರನ್ನೇ ಎಳೆಯುತ್ತದೆ. ನನ್ನದು ಮುಚ್ಚಿತ್ತು. ಮುಚ್ಚಿಲ್ಲದಿದ್ದರೂ ನೀರಲ್ಲಿ ಮುಳುಗಿದ್ದರೆ ಕಥೆ ಅದೇ. ಈಗ ನಾನು ಮಾಡೋದು ಇಷ್ಟೇ: ಬ್ರೀದರ್ ಜಾಗಕ್ಕೆ ಎಣ್ಣೆಗೆ ಬಾಳುವ ರಬ್ಬರ್ ಪೈಪು ಹಾಕಿ, ಚಾಸಿಗುಂಟ ಮೇಲೆ ತಂದು ಕ್ಯಾಬಿನ್ ಹಿಂದೆ ಎತ್ತರಕ್ಕೆ ಕ್ಲಿಪ್ ಮಾಡಿ, ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸೋದು. ದೊಡ್ಡ ಖರ್ಚಲ್ಲ. ಹಳ್ಳ ದಾಟುವ ಗಾಡಿಯ ಹೌಸಿಂಗ್ ಎಣ್ಣೆಯನ್ನು ಮಳೆಗಾಲ ಮುಗಿದ ಕೂಡಲೇ ಒಮ್ಮೆ ಬಿಚ್ಚಿ ನೋಡಿ.

ಪೇಂಟ್ ಎಲ್ಲದಕ್ಕಿಂತ ಕೊನೆಗೆ. ದುಡ್ಡು ಉಳಿಯಲ್ಲ, ಹಾಗಾಗಿ ಆ ಚಿಂತೆಯೂ ಇರಲ್ಲ.

ಪ್ರಶ್ನೆ: ಗಾಡಿ ಎತ್ತರಿಸಿ, ಅಗಲ ಟೈರ್ ಹಾಕಿ, ಮುಂದೆ ಕಬ್ಬಿಣದ ಬಂಪರ್, ಮೇಲೆ ಎಲ್‌ಇಡಿ ಲೈಟ್ ಸಾಲು ಹಾಕಿಸಬೇಕು ಅಂತ ಆಸೆ.
— ಹಾಸನದ ವಿದ್ಯಾರ್ಥಿ

ಬೇಡ ಮರೀ. ಕಂಪನಿ ಕೊಟ್ಟ ರೂಪ ಬದಲಾಯಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಫ್‌ಸಿ ಆಗಲ್ಲ, ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ಒಂದು ನೆಪ ಸಿಗುತ್ತದೆ. ಆ ದುಡ್ಡಲ್ಲಿ ಒಂದು ಒಳ್ಳೇ ಎಳೆಯುವ ಹಗ್ಗ, ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಒಂದು ಗುದ್ದಲಿ ತಗೊಂಡು ಸೀಟ್ ಹಿಂದೆ ಇಡು.

ಪ್ರಶ್ನೆ: ನಮ್ಮ ಮನೆಯವರು ಮಳೆ ಬಂದ ಕೂಡಲೇ ಫೋರ್ ವೀಲ್ ಹಾಕ್ತಾರೆ, ಘಾಟಿಯ ಟಾರ್ ರಸ್ತೆಯಲ್ಲೂ ತೆಗೆಯಲ್ಲ. ತಿರುವಿನಲ್ಲಿ ಗಾಡಿ ಹಿಡಿದು ಎಳೆದ ಹಾಗಾಗುತ್ತೆ. ನಾನು ಈಗಷ್ಟೇ ಅದೇ ಗಾಡಿ ಕಲಿಯುತ್ತಿದ್ದೇನೆ. ಸರಿ ಯಾವುದು?
— ತೀರ್ಥಹಳ್ಳಿಯ ಗೃಹಿಣಿ

ನಿಮಗೆ ಅನ್ನಿಸಿದ್ದೇ ಸರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಇಂಥ ಹಳೇ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನದೂ ಹಿಂದಿನದೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಸರಲ್ಲಾದರೆ ಟೈರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರ್ ಮೇಲೆ ಜಾರಲ್ಲ, ಗಟ್ಟಿ ಹಿಡಿದುಕೊಳ್ಳುತ್ತದೆ. ಟೈರೂ ಹಾಳು, ಟ್ರಾನ್ಸ್‌ಫರ್ ಕೇಸೂ ಹಾಳು. ಲಿವರ್ ಕಚ್ಚಿಕೊಂಡು ವಾಪಸ್ ಬರದಿದ್ದರೆ ನಾಲ್ಕು ಮಾರು ನೇರವಾಗಿ ರಿವರ್ಸ್ ಬಂದು ಎಳೆಯಿರಿ, ಬಿಡುತ್ತದೆ. ಸುತ್ತಿಗೆ ತರಬೇಡಿ.

ಇನ್ನೊಂದು. ಫೋರ್ ವೀಲ್ ಹಾಕಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ ಅಂತ ನಂಬಿಕೊಂಡು ಓಡಿಸೋರನ್ನು ನೋಡಿದ್ದೇನೆ. ಅದು ಹತ್ತಿಸೋಕೆ, ನಿಲ್ಲಿಸೋಕಲ್ಲ. ಮನೆಯ ಜಾರು ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಿ: ಮೇಲೆ ಪೂರ್ತಿ ನಿಲ್ಲಿಸಿ, ಫೋರ್ ವೀಲ್ ಲಿವರನ್ನು ಲೋಗೆ (ನಿಧಾನದ, ಹೆಚ್ಚು ಎಳೆತದ ಸ್ಥಾನಕ್ಕೆ) ಹಾಕಿ, ಮೊದಲನೇ ಗೇರ್. ಕ್ಲಚ್ ಬಿಟ್ಟ ಮೇಲೆ ಎಡಗಾಲು ಪಕ್ಕಕ್ಕೆ ಇಟ್ಟುಬಿಡಿ, ಮತ್ತೆ ಮುಟ್ಟಬೇಡಿ. ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಆಮೆಯಂತೆ ಇಳಿಸುತ್ತದೆ. ಮನೆಯವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೇ ಮೊದಲ ಸಲ ಇಳಿಸಿ.